ಆ ರೇಟಿಗೆ ಇಷ್ಟೇ ಅಂತೆ

ರಾತ್ರಿ ಒಂದೂವರೆ ಗಂಟೆ. ಹೋಟೆಲ್ ರೂಮು. ಅಮ್ಮ ಮಲಗಿದ್ದಾಳೆ. ನಾನು ಬಾತ್‌ರೂಮಿನ ಲೈಟು ಹಾಕಿ, ಬಾಗಿಲು ಸ್ವಲ್ಪ ತೆರೆದಿಟ್ಟು, ಆ ಬೆಳಕಿನಲ್ಲಿ ಕುರ್ಚಿ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಗೋಡೆಯ ಆ ಕಡೆಯೇ ಲಿಫ್ಟು. ಯಾರಾದರೂ ಹತ್ತಿ ಇಳಿದಾಗಲೆಲ್ಲ ಗೋಡೆ ಗುಂಯ್ ಅನ್ನುತ್ತದೆ. ನಿದ್ದೆ ಬರುವ ಹಾಗಿಲ್ಲ. ಬಂದರೂ ಎಲ್ಲಿ ಮಲಗಲಿ?

“ಆ ರೇಟಿಗೆ ಇಷ್ಟೇ ಮೇಡಂ.”

ಸಂಜೆ ಹೋಟೆಲಿನ ಕೌಂಟರಿನಲ್ಲಿ ಕೇಳಿದ್ದು. ಆಗಿನಿಂದ ತಲೆಯಲ್ಲಿ ಇದೇ ಮಾತು ಕೊರೆಯುತ್ತಿದೆ.

ಈ ಥರ ರೂಮು ಬುಕ್ ಮಾಡುವುದು ಬೇಡ ಅಂತ ಅಣ್ಣ ಮೊದಲೇ ಅಂದಿದ್ದ. ಅವನಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ಹೋದ ಸಲದ್ದನ್ನೂ ಸೇರಿಸಿ ಎತ್ತಾಡುತ್ತಾನೆ. ಆ ವಿಷಯ ಈಗ ಬೇಡ.

ನಾನು ಬುಕ್ ಮಾಡಿದ್ದು ಹೋಟೆಲ್ ಹೆಸರು ತೋರಿಸದೆ ರೂಮು ಮಾರುವ ಸೈಟಿನಲ್ಲಿ. ಗೊತ್ತಿರುವವರಿಗೆ ಗೊತ್ತು. ಯಾವ ಏರಿಯಾ, ಎಷ್ಟು ಸ್ಟಾರು ಅಂತ ಆರಿಸಬೇಕು. ಒಂದು ರಾತ್ರಿಗೆ ಎಷ್ಟು ಕೊಡುತ್ತೇವೆ ಅಂತ ನಾವೇ ಹೇಳಬೇಕು. ಕಾರ್ಡ್ ನಂಬರ್ ಮೊದಲೇ ಕೊಟ್ಟಿರಬೇಕು. ಯಾವುದಾದರೂ ಹೋಟೆಲಿಗೆ ನಮ್ಮ ಬಿಡ್, ಅಂದರೆ ನಾವು ಹೇಳಿದ ರೇಟು, ಒಪ್ಪಿಗೆಯಾದರೆ ಆ ಕ್ಷಣಕ್ಕೇ ದುಡ್ಡು ಕಟ್ ಆಗುತ್ತದೆ. ಹೆಸರು ಕಾಣುವುದು ಅದಾದ ಮೇಲೆ. ಕ್ಯಾನ್ಸಲ್ ಮಾಡುವ ಹಾಗಿಲ್ಲ, ದಿನ ಬದಲಿಸುವ ಹಾಗಿಲ್ಲ, ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಇದೆಲ್ಲ ಗೊತ್ತಿದ್ದೇ ಮಾಡಿದ್ದು. ಹಾಗಾಗಿ “ಷರತ್ತು ಓದಬೇಕಿತ್ತು” ಅಂತ ದಯವಿಟ್ಟು ಯಾರೂ ಹೇಳಬೇಡಿ. ಓದಿದ್ದೇನೆ.

ಮೂರು ದಿನ ಕೂತು ಮಾಡಿದ ಕೆಲಸ ಇದು. ಮೊದಲ ಬಿಡ್ ಆಗಲಿಲ್ಲ. ಅದೇ ಏರಿಯಾ, ಅದೇ ಸ್ಟಾರಿಗೆ ಮತ್ತೆ ಕೇಳಬೇಕಾದರೆ ಒಂದು ದಿನ ಕಾಯಬೇಕು. ಕಾಯುವುದು ಬೇಡ ಅಂದರೆ ಇನ್ನೊಂದು ಏರಿಯಾ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿದ ಏರಿಯಾದಲ್ಲಿ ನಾವು ಕೇಳಿದಷ್ಟು ಸ್ಟಾರಿನ ಹೋಟೆಲೇ ಇಲ್ಲದಿದ್ದರೆ ಒಳ್ಳೆಯದೇ. ದೂರದಲ್ಲೆಲ್ಲೋ ಸಿಕ್ಕಿಬೀಳುವ ಭಯವಿಲ್ಲ, ಕಾಯದೆ ಇನ್ನೊಂದು ಸಲ ಬಿಡ್ ಹಾಕುವ ಅವಕಾಶವಂತೂ ಸಿಗುತ್ತದೆ. ಇದನ್ನೆಲ್ಲ ಹಾಳೆ ಮೇಲೆ ಬರೆದುಕೊಂಡು, ಮ್ಯಾಪ್ ಪಕ್ಕದಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ. ಮೂರನೇ ದಿನ ಒತ್ತಿದ ತಕ್ಷಣ ಆಗೇಹೋಯಿತು. ಅಭಿನಂದನೆಗಳು ಅಂತ ಬಂತು. ಐದು ನಿಮಿಷ ಎಷ್ಟು ಖುಷಿಯಾಯಿತು! ಆರನೇ ನಿಮಿಷಕ್ಕೆ ಹೊಟ್ಟೆಯೊಳಗೆ ಸಂಕಟ. ಇಷ್ಟು ಬೇಗ ಒಪ್ಪಿದರು ಅಂದರೆ ನಾನೇ ಜಾಸ್ತಿ ಹೇಳಿಬಿಟ್ಟೆನಾ? ಅದು ಯಾವತ್ತೂ ಗೊತ್ತಾಗುವುದಿಲ್ಲ. ಅವರ ಕೈಯಲ್ಲಿರುವ ಇಸ್ಪೀಟಿನ ಎಲೆ ಅವರು ತೋರಿಸುವುದಿಲ್ಲ. ನಮ್ಮದೆಲ್ಲ ಮೇಜಿನ ಮೇಲೆ ತೆರೆದಿಟ್ಟಿರುತ್ತೇವೆ.

ಇರಲಿ. ಅದಕ್ಕೂ ನಾನು ಒಪ್ಪಿದ್ದೆ.

ಈಗ ಕೌಂಟರಿನ ವಿಷಯ.

ನಾವು ಬಂದಾಗ ಏಳು ಗಂಟೆ ದಾಟಿತ್ತು. ಅಮ್ಮನ ಮಂಡಿ ಊದಿಕೊಂಡಿತ್ತು. ದಾರಿಯುದ್ದಕ್ಕೂ ಕಾಲು ಮಡಚಿಕೊಂಡೇ ಕೂತು ಬಂದವಳು. ನನ್ನ ಹಿಂದೆ ಕ್ಯೂನಲ್ಲಿ ಐದಾರು ಜನ ಇದ್ದರು. ಕೌಂಟರಿನಲ್ಲಿದ್ದವನು ಮೊದಲು ಚೆನ್ನಾಗಿಯೇ ನಕ್ಕ. ಬುಕಿಂಗ್ ನಂಬರ್ ಹೇಳಿದೆ. ಟೈಪ್ ಮಾಡಿದ. ಸ್ಕ್ರೀನ್ ನೋಡಿದ. ಅಲ್ಲಿಗೆ ಅವನ ನಗು ನಿಂತುಹೋಯಿತು. ನಾನು ನೋಡುತ್ತಲೇ ಇದ್ದೆ, ಮುಖದ ಮೇಲಿನ ನಗು ಹೇಗೆ ಒಳಗೆ ಹೋಗುತ್ತದೆ ಅಂತ. ನನಗಿಂತ ಮುಂದಿದ್ದವರಿಗೆ ಎರಡೂ ಕೈಯಲ್ಲಿ ರೂಮಿನ ಕೀ ಕಾರ್ಡ್ ಕೊಟ್ಟಿದ್ದ. ನನ್ನ ಫಾರಂ ಅನ್ನು ಕೌಂಟರ್ ಮೇಲೆ ಒಂದೇ ಬೆರಳಿನಿಂದ ತಳ್ಳಿದ.

ಫಾರಂನ ಮೂಲೆಯಲ್ಲಿ ಮೂರು ಅಕ್ಷರ ಇತ್ತು. ಆರ್‌ಓಎಚ್. ಏನು ಅಂತ ಆಗ ಗೊತ್ತಿರಲಿಲ್ಲ. ಆಮೇಲೆ ಹುಡುಕಿದೆ. ‘ರನ್ ಆಫ್ ಹೌಸ್’ ಅಂತೆ. ಅಂದರೆ ಯಾವ ರೂಮು ಕೊಡಬೇಕು ಅನ್ನುವುದು ಪೂರ್ತಿ ಹೋಟೆಲಿನವರ ಇಷ್ಟ. ಉಳಿದದ್ದು ಯಾವುದೋ ಅದು.

ಕೇಳಿದೆ, “ಎರಡು ಹಾಸಿಗೆ ಇರುವ ರೂಮು ಕೊಡುತ್ತೀರಾ? ಅಮ್ಮನಿಗೆ ಮಂಡಿನೋವು, ಕಾಲು ಚಾಚಿ ಮಲಗಬೇಕು.”

“ಒಂದೇ ಹಾಸಿಗೆ ಇರೋದು.”

“ಬುಕ್ ಮಾಡುವಾಗ ಇಬ್ಬರು ಅಂತ ಹಾಕಿದ್ದೆ.”

“ಒಂದೇ ಹಾಸಿಗೆಯಲ್ಲಿ ಇಬ್ಬರು ಮಲಗಬಹುದು.”

“ಬೇರೆ ರೂಮೇ ಇಲ್ಲವಾ?”

ಆಗ ಅವನು ತಲೆ ಎತ್ತಿದ. ಪೆನ್ನನ್ನು ಕೌಂಟರಿನ ಮೇಲೆ ಇಟ್ಟ. ಮೆಲ್ಲಗೆ ಹೇಳಬಹುದಿತ್ತು. ನಾನು ಅವನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಆದರೂ ಕ್ಯೂನಲ್ಲಿ ಕೊನೆಗೆ ನಿಂತವರಿಗೂ ಕೇಳುವ ಹಾಗೆ ಹೇಳಿದ, “ನೀವು ಬಂದಿರೋದು ಡಿಸ್ಕೌಂಟ್ ಸೈಟಿನಿಂದ ಅಲ್ವಾ? ಆ ರೇಟಿಗೆ ಇಷ್ಟೇ ಮೇಡಂ.”

ಹಿಂದೆ ಯಾರೋ ಕೆಮ್ಮಿದರು. ಸುಮ್ನೆ ಬಂದ ಕೆಮ್ಮೇ ಇರಬಹುದು. ನನಗಂತೂ ಹಾಗೆ ಅನ್ನಿಸಲಿಲ್ಲ. ಮುಖ ಬಿಸಿಯಾಯಿತು. ತಿರುಗಿ ನೋಡಿದರೆ ಅಮ್ಮ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅವಳಿಗೆ ಕೇಳಿಸಿತ್ತು. “ಬಾರೇ, ಒಂದೇ ರಾತ್ರಿ ತಾನೇ, ನಾನು ಕೆಳಗೆ ಮಲಗುತ್ತೇನೆ” ಅಂದಳು. ಎದ್ದರೆ ಕೂರಲಾಗದ, ಕೂತರೆ ಏಳಲಾಗದ ಹೆಂಗಸು ಕೆಳಗೆ ಮಲಗುತ್ತಾಳಂತೆ! ಅದೂ ಹತ್ತು ಜನರ ಮುಂದೆ ಹೇಳಬೇಕಾಗಿ ಬಂತು.

ನಾನು ಏನೂ ಮಾತಾಡಲಿಲ್ಲ. ಸಹಿ ಹಾಕಿದೆ. ಈಗ ಯೋಚಿಸಿದರೆ ಹೇಳಬೇಕಾದ ಮಾತು ಒಂದಲ್ಲ, ಹತ್ತು ಬರುತ್ತವೆ. ಆಗ ಒಂದೂ ಬರಲಿಲ್ಲ. ಸಹಿ ಹಾಕಿದ್ದೂ ಅಲ್ಲದೆ “ಥ್ಯಾಂಕ್ಸ್” ಅಂದೆ. ಯಾಕೆ ಅಂದೆ?

ಅಷ್ಟರಲ್ಲಿ ಇನ್ನೊಂದು ಕಾಗದ ಬಂತು. ಸೌಲಭ್ಯದ ಶುಲ್ಕವಂತೆ. ಜಿಮ್ಮು, ಈಜುಕೊಳ, ವೈಫೈ. ಇದು ಬಿಡ್ ಮೊತ್ತದಲ್ಲಿ ಸೇರಿಲ್ಲ, ಕೌಂಟರಿನಲ್ಲೇ ಕೊಡಬೇಕು. ಜಿಮ್ಮಿಗೆ ಹೋಗುವವರು ಯಾರು, ಅಮ್ಮನಾ? ಅದರ ಜೊತೆ ಕಾರ್ಡ್ ಮೇಲೆ ಡೆಪಾಸಿಟ್ ಅಂತ ಇನ್ನೊಂದಿಷ್ಟು ಹಿಡಿದಿಟ್ಟುಕೊಂಡರು. ಅದು ವಾಪಸ್ ಬರುತ್ತದೆ, ಸರಿ. ಆದರೆ ಅಲ್ಲಿಯವರೆಗೆ ಆ ದುಡ್ಡು ನನ್ನ ಕೈಗೆ ಸಿಗುವುದಿಲ್ಲವಲ್ಲ. ಕಡಿಮೆ ರೇಟಿನ ರೂಮು ಹುಡುಕಿಕೊಂಡು ಬಂದವರ ಹತ್ತಿರ ಹೆಚ್ಚಿಗೆ ದುಡ್ಡು ಎಷ್ಟಿರುತ್ತದೆ ಅಂತ ಇವರಿಗೆ ತಿಳಿಯುವುದಿಲ್ಲವಾ?

ಲಾಬಿಯಲ್ಲೇ ನಿಂತು ಸೈಟಿನವರಿಗೆ ಫೋನ್ ಮಾಡಿದೆ. ಒಂದು ಒತ್ತಿ, ನಾಲ್ಕು ಒತ್ತಿ, ಕಾಯಿರಿ. ಇಪ್ಪತ್ತೈದು ನಿಮಿಷ ಆದ ಮೇಲೆ ಒಬ್ಬಳು ಸಿಕ್ಕಿದಳು. ಪಾಪ, ಅವಳ ತಪ್ಪಿಲ್ಲ, ಮುಂದಿದ್ದುದನ್ನು ಓದುತ್ತಿದ್ದಳು. ಇಬ್ಬರು ಮಲಗುವಂಥ ರೂಮು ಅನ್ನುವುದು ಮಾತ್ರ ನಮ್ಮ ಗ್ಯಾರಂಟಿ, ಹಾಸಿಗೆ ಯಾವುದು ಅನ್ನುವುದನ್ನು ಹೋಟೆಲಿನವರು ನೋಡಿಕೊಳ್ಳುತ್ತಾರೆ ಅಂದಳು. ಕೌಂಟರಿಗೆ ಹೋಗಿ ಹೇಳಿದರೆ, ದುಡ್ಡು ಕಟ್ಟಿದ್ದು ಸೈಟಿಗೆ, ಅವರನ್ನೇ ಕೇಳಿ ಅಂದರು. ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ದುಡ್ಡು ತೆಗೆದುಕೊಳ್ಳುವಾಗ ಮಾತ್ರ ಇಬ್ಬರೂ ಒಂದೇ.

ನನಗೆ ಇವರ ಲೆಕ್ಕ ಗೊತ್ತಿಲ್ಲ ಅಂತಲ್ಲ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲಾಗುವುದಿಲ್ಲ. ಇವತ್ತಿನದು ಇವತ್ತಿಗೇ ಹೋಯಿತು. ಹಾಗಂತ ರೇಟು ಇಳಿಸಿ ಬೋರ್ಡು ಹಾಕಿದರೆ ಪೂರ್ತಿ ರೇಟು ಕೊಟ್ಟವರು ಬಂದು ಕೇಳುತ್ತಾರೆ. ಅದಕ್ಕೇ ಹೆಸರು ಮುಚ್ಚಿಟ್ಟು ಮಾರುತ್ತಾರೆ. 1998ರಲ್ಲಿ ಪ್ರೈಸ್‌ಲೈನ್ ಅನ್ನುವ ಅಮೆರಿಕದ ಸೈಟು ‘ನಿಮ್ಮ ರೇಟು ನೀವೇ ಹೇಳಿ’ ಅಂತ ಶುರು ಮಾಡಿತು. ಮೊದಲು ವಿಮಾನದ ಟಿಕೆಟ್ಟು, ಅದೇ ವರ್ಷ ಹೋಟೆಲ್ ರೂಮು. 2000ದಲ್ಲಿ ಹಾಟ್‌ವೈರ್ ಅನ್ನುವ ಇನ್ನೊಂದು ಸೈಟು ಬಂತು. ಅಲ್ಲಿ ಬಿಡ್ ಇರಲಿಲ್ಲ, ರೇಟು ತೋರಿಸಿ ಹೆಸರು ಮುಚ್ಚಿಡುವುದು. ನಾನು ಬುಕ್ ಮಾಡಿದ್ದು ಈ ಎರಡರಲ್ಲೂ ಅಲ್ಲ, ಇವರ ತಲೆಗೆ ಕಟ್ಟಬೇಡಿ. ಹೇಳಿದ್ದು ಯಾಕೆಂದರೆ ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. ಅಷ್ಟು ವರ್ಷದಿಂದ ನಡೆಯುತ್ತಿದೆ. ಖಾಲಿ ರೂಮು ತುಂಬುತ್ತದೆ, ಅವರಿಗೆ ಲಾಭ. ನಮಗೆ ಕಡಿಮೆಗೆ ಸಿಗುತ್ತದೆ. ನಾನೇನು ಅವರ ಹತ್ತಿರ ಬೇಡಲು ಬಂದವಳಾ? ಅವರು ಒಪ್ಪಿದ ರೇಟಿಗೆ, ಮುಂಗಡವಾಗಿ ಪೂರ್ತಿ ದುಡ್ಡು ಕೊಟ್ಟು ಬಂದವಳು. ಕ್ಯೂನಲ್ಲಿದ್ದ ಎಷ್ಟೋ ಜನ ಇನ್ನೂ ಒಂದು ಪೈಸೆ ಕೊಟ್ಟಿರಲಿಕ್ಕಿಲ್ಲ.

ಹೆಸರು ಮುಚ್ಚಿಡುವುದಕ್ಕೆ ಒಪ್ಪಿದೆ. ಹೆಸರಿಗೆ ಕಾರಣ ಇದೆ. ಹಾಸಿಗೆ ಎಷ್ಟು ಅನ್ನುವುದನ್ನು ಮುಚ್ಚಿಡಲು ಏನು ಕಾರಣ? ಎರಡು ಹಾಸಿಗೆ ಅಂತ ತೋರಿಸಿದರೆ ಹೋಟೆಲ್ ಯಾವುದು ಅಂತ ಗೊತ್ತಾಗಿಬಿಡುತ್ತದಾ? ಶುಲ್ಕ ಎಷ್ಟು ಅಂತ ಎದ್ದು ಕಾಣುವ ಹಾಗೆ ಹಾಕಿದರೆ ಗುಟ್ಟು ರಟ್ಟಾಗುತ್ತದಾ? ಈ ಸೈಟುಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಹೋಟೆಲಿನ ಕೌಂಟರಿನಲ್ಲಿ ನಿಲ್ಲುವವರು ಇದ್ದರೆ ನೀವಾದರೂ ಹೇಳಿ. ನಮ್ಮ ಬುಕಿಂಗ್ ಸ್ಕ್ರೀನ್ ಮೇಲೆ ಬಂದಾಗ ನಿಮಗೆ ಏನು ಕಾಣುತ್ತದೆ? ಇವರಿಗೆ ಲಿಫ್ಟಿನ ಪಕ್ಕದ ರೂಮು ಕೊಡಿ ಅಂತ ಬರೆದಿರುತ್ತದಾ? ಬೈಯುವುದಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹನ್ನೊಂದು ಗಂಟೆಗೆ ಇನ್ನೊಂದು ಕೆಲಸ ಮಾಡಿದೆ, ಮಾಡಬಾರದಿತ್ತು. ಇದೇ ಹೋಟೆಲಿನ ಸ್ವಂತ ಸೈಟು ತೆರೆದು ಇವತ್ತಿನ ರಾತ್ರಿಗೆ ಹುಡುಕಿದೆ. ಎರಡು ಹಾಸಿಗೆ ಇರುವ ರೂಮು ಅಲ್ಲಿ ಇನ್ನೂ ಮಾರಾಟಕ್ಕಿತ್ತು. ಅಂದರೆ ರೂಮು ಇತ್ತು! ನನಗೆ ಕೊಡಲು ಇರಲಿಲ್ಲ, ಅಷ್ಟೇ. ರೇಟು ನೋಡಿದೆ. ಬಿಡ್ ಹಾಕಿದ ದಿನ ಮೂರರಲ್ಲಿ ಒಂದು ಪಾಲು ಉಳಿಸಿದೆ ಅಂದುಕೊಂಡಿದ್ದೆ. ಸೈಟಿನ ಸೇವಾ ಶುಲ್ಕ, ತೆರಿಗೆ ಎಲ್ಲ ಸೇರಿಸಿ, ಇವತ್ತಿನ ರೇಟಿನ ಜೊತೆ ಇಟ್ಟು ನೋಡಿದರೆ ನನಗೆ ಉಳಿದದ್ದು ನೂರಕ್ಕೆ ಆರು. ಮೂರು ದಿನ ಹಾಳೆ, ಮ್ಯಾಪು ಹಿಡಿದು ಕೂತದ್ದು ನೂರಕ್ಕೆ ಆರಕ್ಕೆ. ಅಮ್ಮನನ್ನು ಸೂಟ್‌ಕೇಸಿನ ಮೇಲೆ ಕೂರಿಸಿದ್ದೂ ಅದಕ್ಕೇ.

ಹೀಗೆ ಶುಲ್ಕ ಮುಚ್ಚಿಡುವುದಕ್ಕೆ ಬೇರೆ ಕಡೆ ಕಡಿವಾಣ ಹಾಕಿಲ್ಲ ಅಂತಲ್ಲ. ಅಮೆರಿಕದಲ್ಲಿ 2025ರ ಮೇ 12ರಿಂದ, ರೂಮಿನ ರೇಟು ತೋರಿಸುವಾಗ ಕಡ್ಡಾಯದ ಶುಲ್ಕವನ್ನೆಲ್ಲ ಮೊದಲೇ ಸೇರಿಸಿ ತೋರಿಸಬೇಕು ಅಂತ ನಿಯಮ ಬಂದಿದೆ. ಬ್ರಿಟನ್ನಿನಲ್ಲಿ 2019ರಲ್ಲಿ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ಮಾಡಿ, ಗ್ರಾಹಕರನ್ನು ಸುಳ್ಳುಸುಳ್ಳೇ ಅವಸರಪಡಿಸುವುದನ್ನು, ಶುಲ್ಕ ಬಚ್ಚಿಡುವುದನ್ನು ನಿಲ್ಲಿಸುತ್ತೇವೆ ಅಂತ ಆರು ಬುಕಿಂಗ್ ಸೈಟುಗಳಿಂದ ಮಾತು ತೆಗೆದುಕೊಂಡಿತು. ಹಾಗಂತ ಎಲ್ಲೂ ಪೂರ್ತಿ ರಕ್ಷಣೆ ಇಲ್ಲ. ಯುರೋಪಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು 14 ದಿನದೊಳಗೆ ಬೇಡ ಅನ್ನಬಹುದು. ದಿನಾಂಕ ಹಾಕಿ ಬುಕ್ ಮಾಡಿದ ಹೋಟೆಲ್ ರೂಮಿಗೆ ಆ ಹಕ್ಕು ಇಲ್ಲ. ಬಟ್ಟೆಗೆ ಇರುವ ದಾರಿ ರೂಮಿಗೆ ಇಲ್ಲ ನೋಡಿ.

ಹೀಗೆ ಬರೆಯುತ್ತಾ ಬರೆಯುತ್ತಾ ಸಿಟ್ಟು ಸ್ವಲ್ಪ ಇಳಿದಿದೆ ಅಂದುಕೊಂಡೆ. ಇಳಿದಿಲ್ಲ. ಯಾರ ಮೇಲೆ ಸಿಟ್ಟು ಅಂತಲೂ ಈಗ ಸರಿಯಾಗಿ ಹೇಳಲಾರೆ. ಕೌಂಟರಿನವನು ಬೆಳಗಿನಿಂದ ನಿಂತಿರಬಹುದು. ನನ್ನ ಹಾಗೆ ಎಷ್ಟು ಜನ ಬಂದು ಕೇಳಿರುತ್ತಾರೋ. ಹೋಗಲಿ ಬಿಡಿ ಅನ್ನಿಸುತ್ತದೆ. ಮತ್ತೆ ಆ ಒಂದು ಬೆರಳು ನೆನಪಾಗುತ್ತದೆ, ಫಾರಂ ತಳ್ಳಿದ ಬೆರಳು. ಇಲ್ಲ, ಬಿಡುವುದಿಲ್ಲ. ಬೆಳಿಗ್ಗೆ ಮ್ಯಾನೇಜರನ್ನು ಕೇಳಿಯೇ ಹೋಗುತ್ತೇನೆ. ರೂಮು ಬೇಡ, ದುಡ್ಡು ಬೇಡ. ಆ ಮಾತನ್ನು ಅಷ್ಟು ಜೋರಾಗಿ ಹೇಳಬೇಕಿತ್ತಾ, ಅಷ್ಟನ್ನು ಕೇಳುತ್ತೇನೆ.

ಅಮ್ಮ ಹಾಸಿಗೆಯ ಅಂಚಿನಲ್ಲಿ ಮಲಗಿದ್ದಾಳೆ, ಇನ್ನೊಂದು ಚೂರು ಸರಿದರೆ ಬೀಳುವ ಹಾಗೆ. ಮಂಡಿ ಕೆಳಗೆ ಇಟ್ಟುಕೊಳ್ಳಲಿ ಅಂತ ದಿಂಬು ಕೊಟ್ಟಿದ್ದೆ. ಅದನ್ನು ನನ್ನ ಜಾಗದಲ್ಲಿಟ್ಟು, ತನ್ನ ಶಾಲು ಮಡಚಿ ಕಾಲಿಗೆ ಇಟ್ಟುಕೊಂಡಿದ್ದಾಳೆ. ನಾನು ಹೋಗಿ ಮಲಗಿದರೆ ಇನ್ನೂ ಆ ಕಡೆ ಸರಿಯುತ್ತಾಳೆ, ನನಗೆ ಗೊತ್ತು.

ನಾಡಿದ್ದು ವಾಪಸ್ ಹೋಗುವಾಗ ಇನ್ನೊಂದು ರಾತ್ರಿ ತಂಗಬೇಕು. ಅದಕ್ಕೆ ಇನ್ನೂ ರೂಮು ಆಗಿಲ್ಲ. ಪೂರ್ತಿ ರೇಟು ಕೊಡುವ ಶಕ್ತಿ ನನಗಿಲ್ಲ. ಅದೇ ಸೈಟು ಇನ್ನೊಂದು ಟ್ಯಾಬಿನಲ್ಲಿ ತೆರೆದಿದೆ. ಎಷ್ಟು ಕೊಡುತ್ತೀರಿ ಅಂತ ಕೇಳುತ್ತಿದೆ. ಹಾಸಿಗೆ ಎಷ್ಟು ಅಂತ ಕೇಳುವ ಜಾಗಕ್ಕಾಗಿ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದೆ. ಇಲ್ಲ.