ಲೀಡ್ಸಿನ ನರ್ಸ್ ಕೇಳಿದ ಮೂರು ಪ್ರಶ್ನೆಗಳು

ಪ್ರಾಸ್ಟೇಟ್ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಮುಗಿದು ವರ್ಷವಾಗಿತ್ತು. ಇಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ತಪಾಸಣೆಗೆ ಹೋದಾಗ, ನಾನು ಬಾಯಿ ಬಿಡುವ ಮೊದಲೇ ನರ್ಸ್ ಕೇಳಿದರು: ಶೌಚಕ್ಕೆ ಅವಸರದಲ್ಲಿ ಓಡಬೇಕಾಗುತ್ತದೆಯೇ, ಅದಕ್ಕಾಗಿ ರಾತ್ರಿ ಏಳುತ್ತೀರಾ? ರಕ್ತ ಕಂಡಿದೆಯೇ? ಹೊಟ್ಟೆಯ ತೊಂದರೆಯಿಂದ ನಾಲ್ಕು ಜನರೊಡನೆ ಬೆರೆಯುವುದನ್ನು ಬಿಟ್ಟಿದ್ದೀರಾ? ಮೂರನೆಯ ಪ್ರಶ್ನೆ ಕೇಳಿ ನನ್ನ ಕಣ್ಣು ತುಂಬಿತು. ದಾವಣಗೆರೆಯಲ್ಲಿರುವ ಅಕ್ಕನನ್ನು ಯಾರೂ ಹೀಗೆ ಕೇಳಿರಲಿಲ್ಲ.

ಗರ್ಭಕಂಠದ ಕ್ಯಾನ್ಸರಿಗಾಗಿ ಅಕ್ಕನಿಗೆ 25 ಸಲ ಕರೆಂಟ್, ಅಂದರೆ ಹೊರಗಿನಿಂದ ವಿಕಿರಣ ಕೊಟ್ಟು, ಒಳಗಿನಿಂದಲೂ ವಿಕಿರಣ ಕೊಟ್ಟಿದ್ದರು. ಕ್ಯಾನ್ಸರ್ ಗುಣವಾಯಿತು. ಒಂದೂವರೆ ವರ್ಷದ ನಂತರ ಮಲದಲ್ಲಿ ರಕ್ತ ಹೋಗತೊಡಗಿದಾಗ, ಮಗನಿಗೆ ಹೇಗೆ ಹೇಳುವುದೆಂದು ಅವಳು ತಿಂಗಳುಗಟ್ಟಲೆ ಮುಚ್ಚಿಟ್ಟಳು. ಹೇಳಿದ ಮೇಲೆ ಮನೆಯವರೆಲ್ಲ ಉಷ್ಣವೆಂದು ಎಳನೀರು, ಮೆಂತ್ಯದ ನೀರು ಕುಡಿಸಿದರು. ವೈದ್ಯರೊಬ್ಬರು ಮೂಲವ್ಯಾಧಿಯೆಂದು ಮುಲಾಮು ಬರೆದರು. ಹಿಂದೆ ಕರೆಂಟ್ ಕೊಡಿಸಿದ್ದೀರಾ ಎಂದು ಅವರು ಕೇಳಲಿಲ್ಲ. ಮುಗಿದ ಕಾಯಿಲೆಯ ಮಾತೇಕೆಂದು ಅಕ್ಕನೂ ಹೇಳಲಿಲ್ಲ. ಅವಳು ಬಸ್ಸು ಹತ್ತುವುದನ್ನೇ ಬಿಟ್ಟಳು. ತಂಗಿಯ ಮಗಳ ಮದುವೆಗೂ ಬಾರದಿದ್ದಾಗ ನಾವು ಅದನ್ನು ಮುನಿಸೆಂದು ತಿಳಿದೆವು. ಆ ತಪ್ಪು ನನ್ನನ್ನು ಇಂದಿಗೂ ಕಾಡುತ್ತದೆ.

ವಿಕಿರಣದಿಂದ ಕರುಳಿಗೆ ಆಗುವ ಹಾನಿ ಚಿಕಿತ್ಸೆ ಮುಗಿದು ತಿಂಗಳುಗಳ, ಕೆಲವೊಮ್ಮೆ ಹತ್ತಾರು ವರ್ಷಗಳ ನಂತರ ತಲೆದೋರುವುದರಿಂದ, ಎರಡಕ್ಕೂ ಇರುವ ನಂಟನ್ನು ರೋಗಿ ತಾನಾಗಿ ಊಹಿಸಲಾರ. ಅದನ್ನು ಕೇಳಿಯೇ ತಿಳಿಯಬೇಕು. ಬರೀ 'ಭೇದಿ' ಎಂದು ಬರೆದುಕೊಂಡರೂ ಸಾಲದು. ಸಣ್ಣ ಕರುಳಿನ ಕೊನೆಯ ಭಾಗ ಪಿತ್ತರಸದ ಆಮ್ಲಗಳನ್ನು ಮರಳಿ ಹೀರಿಕೊಳ್ಳಲಾರದೆ ಹೋದರೆ, ಅವು ದೊಡ್ಡ ಕರುಳಿಗಿಳಿದು ನೀರುಭೇದಿಯಾಗುತ್ತದೆ. ನನಗೆ ಆಗಿದ್ದದ್ದು ಇದೇ. ಪಿತ್ತರಸದ ಆಮ್ಲದಂತೆಯೇ ವರ್ತಿಸುವ, ಸೆಲೆನಿಯಂ ಇರುವ ಒಂದು ಕ್ಯಾಪ್ಸೂಲ್ ನುಂಗಿಸಿ ಸ್ಕ್ಯಾನ್ ಮಾಡಿದರು, 7 ದಿನಗಳ ನಂತರ ಮತ್ತೊಮ್ಮೆ ಮಾಡಿದರು. ಅದು ಮೈಯಲ್ಲಿ ಶೇಕಡ 15ಕ್ಕಿಂತ ಕಡಿಮೆ ಉಳಿದಿದ್ದರಿಂದ ಕಾರಣ ಗೊತ್ತಾಯಿತು. ಇದೇ ಲಕ್ಷಣಗಳು ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದರೂ ಬರಬಹುದು, ಅದನ್ನು ಪತ್ತೆಹಚ್ಚಲು ಉಸಿರಿನ ಪರೀಕ್ಷೆಯುಂಟು.

ನಾನು ಫೋನಿನಲ್ಲಿ ಹಟ ಹಿಡಿದ ಮೇಲೆ ಅಕ್ಕನನ್ನು ಉದರತಜ್ಞರ ಬಳಿಗೆ ಕರೆದೊಯ್ದರು. ಅವರು ದುರ್ಬೀನು ಹಾಕಿ ನೋಡಿದಾಗ, ಗರ್ಭಕೋಶಕ್ಕೆ ಹತ್ತಿರವಿರುವ ಗುದನಾಳದ ಮುಂಭಾಗದಲ್ಲಿ ಉಬ್ಬಿದ ನವಿರಾದ ರಕ್ತನಾಳಗಳು ಕಂಡವು. ವಿಕಿರಣ ಬಿದ್ದ ಆ ಜಾಗದ ಗಾಯ ಸುಲಭವಾಗಿ ಮಾಯುವುದಿಲ್ಲವೆಂದು ಅವರು ಅಲ್ಲಿಂದ ಚೂರು ತೆಗೆಯಲಿಲ್ಲ. ಆದರೆ ಎಲ್ಲವನ್ನೂ ಹಳೆಯ ಚಿಕಿತ್ಸೆಯ ತಲೆಗೆ ಕಟ್ಟದೆ, ಹೊಸ ಗೆಡ್ಡೆಯಿಲ್ಲವೆಂದು ಇಡೀ ದೊಡ್ಡ ಕರುಳನ್ನು ನೋಡಿ ಖಚಿತಪಡಿಸಿಕೊಂಡರು. ನಮ್ಮೂರಿನಲ್ಲಿ ಪರಿಣತಿಗೆ ಕೊರತೆಯಿಲ್ಲ. ಶೌಚದ ಮಾತನ್ನು ನಾಚಿಕೆಯಿಲ್ಲದೆ ಎತ್ತುವವರು ಬೇಕಾಗಿದ್ದಾರೆ, ಮನೆಯಲ್ಲಿಯೂ ಆಸ್ಪತ್ರೆಯಲ್ಲಿಯೂ.

ಇಷ್ಟು ಬರೆದ ಮೇಲೆ ಇದನ್ನೂ ಹೇಳಬೇಕು. ಪ್ರಶ್ನೆ ಕೇಳಿಸಿಕೊಂಡ ನಾನು ತಜ್ಞರನ್ನು ಕಾಣಲು ಐದು ತಿಂಗಳು ಕಾದೆ. ಅಕ್ಕನಿಗೆ ಮೂರೇ ದಿನಗಳಲ್ಲಿ ಪರೀಕ್ಷೆಯಾಯಿತು. ಹಿಂದಿನ ರಾತ್ರಿ ಕರುಳು ಖಾಲಿ ಮಾಡುವ ಭೇದಿಯ ಔಷಧ ಕುಡಿದ ಅವಳ ಜೊತೆಗೆ ಸೊಸೆ ಬೆಳಗಿನವರೆಗೂ ಎಚ್ಚರವಾಗಿದ್ದಳು. ನಾನು ಕ್ಯಾಪ್ಸೂಲ್ ನುಂಗಿ, ಒಬ್ಬನೇ ಬಸ್ಸು ಹಿಡಿದು ಮನೆಗೆ ಬಂದೆ.