ನಾಯಿಗೆ ಕೆಲಸವಿಲ್ಲ, ನನಗೆ ಪುರುಸೊತ್ತಿಲ್ಲ

ಸಂಬಳ ತೆಗೆದುಕೊಂಡು ಕೆಲಸ ಮಾಡುವವನನ್ನು ಬೈಯುವ ಮುಂಚೆ ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಇವನು ಬಿಟ್ಟುಹೋದರೆ ಇನ್ನೊಬ್ಬನನ್ನು ಎಲ್ಲಿ ಹುಡುಕೋದು ಅಂತ. ಬಿಟ್ಟಿ ಕೆಲಸ ಮಾಡುವವನ ವಿಷಯದಲ್ಲಿ ಆ ತಾಪತ್ರಯವೇ ಇಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಅಕ್ಕಪಕ್ಕದವರ ನಾಯಿಗಳನ್ನು ಪುಕ್ಕಟೆಯಾಗಿ ವಾಕಿಂಗ್ ಕರೆದುಕೊಂಡು ಹೋಗುವವನು ನಾನು. ಅನುಭವದಿಂದಲೇ ಹೇಳುತ್ತಿದ್ದೇನೆ.

ಎಲ್ಲ ಶುರುವಾಗಿದ್ದು ಶುಗರ್‌ನಿಂದ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಪಾರ್ಕಿನಲ್ಲಿ ಒಬ್ಬನೇ ಸುತ್ತಿದರೆ ಬೇಜಾರು. ಗುಂಪಿನಲ್ಲಿ ಸುತ್ತಿದರೆ ಎಲ್ಲರ ಬಿಪಿ, ಎಲ್ಲರ ಸೊಸೆಯಂದಿರ ಕಥೆ ಕೇಳಬೇಕು. ಒಂದು ನಾಯಿ ಜೊತೆಗಿದ್ದರೆ ಚೆನ್ನ ಅನ್ನಿಸಿತು. ಆದರೆ ನಾಯಿ ಸಾಕುವ ಮಾತೆತ್ತಿದರೆ ನನ್ನ ಹೆಂಡತಿ, "ಒಬ್ಬರನ್ನ ಸಾಕಿದ್ದೇ ಸಾಕು" ಎನ್ನುತ್ತಾಳೆ. ಸರಿ, ಊರವರ ನಾಯಿಯಾದರೂ ಆಗಲಿ ಎಂದು ಎದುರುಮನೆಗೆ ಹೋಗಿ, "ನಿಮ್ಮ ನಾಯಿಯನ್ನ ದಿನಾ ನಾನೇ ಸುತ್ತಾಡಿಸಿಕೊಂಡು ಬರ್ತೀನಿ, ದುಡ್ಡುಕಾಸು ಏನೂ ಬೇಡ" ಎಂದೆ. ಆ ಮನೆಯಾಕೆ ಬಾಗಿಲನ್ನು ಅರ್ಧಕ್ಕೆ ಹಿಡಿದುಕೊಂಡೇ, "ಇನ್ಶೂರೆನ್ಸ್ ಏನಾದ್ರೂ ಮಾಡಿಸ್ತಿದೀರಾ ಅಂಕಲ್?" ಎಂದು ಕೇಳಿದರು. ಬ್ಯಾಂಕಿನವರು ಬಾಯಿ ತುಂಬ ನಕ್ಕರೆ ಎಫ್‌ಡಿಗೋ ಪಾಲಿಸಿಗೋ ಗಾಳ ಹಾಕುತ್ತಿದ್ದಾರೆ ಎಂದು ಅವರಿಗೆ ಅನುಮಾನ.

ಅನುಮಾನ ಹೋದ ಮೇಲೆ ಮಾತ್ರ ಕ್ಯೂ ನಿಂತಿತು. ಎದುರುಮನೆಯ ಲ್ಯಾಬ್ರಡಾರ್ ಬ್ರೂನೋ. ಮೂಲೆಮನೆಯ ಪಗ್. ಅದಕ್ಕೆ ಮನೆಯಲ್ಲಿ ಏನೋ ಮುದ್ದಾದ ಹೆಸರಿದೆ, ಬೀದಿಯಲ್ಲಿ ಎಲ್ಲರೂ ಕರೆಯುವುದು 'ಹಚ್ ನಾಯಿ' ಅಂತಲೇ. ಜಾಹೀರಾತಿನಲ್ಲಿ ಪಗ್ ತೋರಿಸುತ್ತಿದ್ದ ಮೊಬೈಲ್ ಕಂಪನಿ ಹಚ್ ಹೋಗಿ ವೊಡಾಫೋನ್ ಆಗಿದ್ದು 2007ರಲ್ಲಿ. ನಮ್ಮ ಬೀದಿಯಲ್ಲಿ ಅದರ ನೆಟ್‌ವರ್ಕ್ ಇನ್ನೂ ಇದೆ. ಆಮೇಲೆ ಸೇರಿದ್ದು ಮೇಲಿನ ಮಹಡಿಯವರ ಮುಧೋಳ ನಾಯಿ, ರಾಜ.

ರಾಜನ ವಂಶಾವಳಿಯನ್ನು ಅವರ ಮನೆಯವರು ನನಗೆ ನಿಂತಲ್ಲೇ ಪಾಠ ಮಾಡಿದರು. ಬಾಗಲಕೋಟೆ ಜಿಲ್ಲೆಯ ಮುಧೋಳದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತ್ತು. ಸೈನ್ಯದವರೂ ಕರೆದುಕೊಂಡು ಹೋಗಿ ತರಬೇತಿ ಕೊಟ್ಟಿದ್ದಾರೆ. ಅದು ಬೇಟೆ ನಾಯಿ, ಮೂಗಿಗಿಂತ ಕಣ್ಣನ್ನೇ ಜಾಸ್ತಿ ನಂಬುತ್ತದೆ. ಈ ಕೊನೆಯ ವಿಷಯವನ್ನು ಅವರು ಸ್ವಲ್ಪ ಬಿಡಿಸಿ ಹೇಳಬೇಕಿತ್ತು. ರಸ್ತೆಯ ಆ ತುದಿಯಲ್ಲಿ ಚಿಪ್ಸಿನ ಖಾಲಿ ಪ್ಯಾಕೆಟ್ ಒಂದು ಗಾಳಿಗೆ ಹಾರಿದರೆ ಸಾಕು, ಅದು ಮೊಲ ಎಂದು ರಾಜ ತೀರ್ಮಾನ ಮಾಡಿಬಿಡುತ್ತಾನೆ. ಬ್ರೂನೋ ಅದೇ ಹೊತ್ತಿಗೆ ಬೇಕರಿಯ ಕಡೆ ಮೂಗು ತಿರುಗಿಸಿರುತ್ತಾನೆ. ಪಗ್‌ಗೆ ಮೊದಲೇ ಚಪ್ಪಟೆ ಮುಖ, ಬಿಸಿಲೇರಿದರೆ ಉಸಿರಾಡುವುದೇ ಕಷ್ಟ. ಅದು ಫುಟ್‌ಪಾತ್ ಮೇಲೆ ಕೂತರೆ ಆಯಿತು, ಏಳುವ ಮಾತಿಲ್ಲ. ಮೂರು ಹಗ್ಗ, ಮೂರು ದಿಕ್ಕು, ನಡುವೆ ಒಂದು ಹೊಂಗೆಮರ, ಮರದ ಜೊತೆ ನಾನು. ರಾಜನ ಹಿಂದೆ ಓಡುವಾಗ ಬಿದ್ದುಹೋದ ಚಪ್ಪಲಿಯನ್ನು ಹೂ ಮಾರುವ ಅಮ್ಮ ಬುಟ್ಟಿಯ ಪಕ್ಕದಲ್ಲೇ ಎತ್ತಿಟ್ಟಿರುತ್ತಾರೆ. "ತಗೊ ಸಾಮಿ, ನಿಂದೇ" ಎಂದು ನೋಡದೆಯೇ ಕೊಡುತ್ತಾರೆ. ಆ ರಸ್ತೆಯಲ್ಲಿ ಚಪ್ಪಲಿ ಬಿಟ್ಟು ಓಡುವವನು ನಾನೊಬ್ಬನೇ.

ನಾಯಿ ಮಾಡಿದ್ದನ್ನು ಎತ್ತುವುದೂ ನನ್ನ ಸೇವೆಯಲ್ಲೇ ಸೇರಿದೆ. ಪ್ಲಾಸ್ಟಿಕ್ ಕವರ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಯಿತಲ್ಲ, ಅದಕ್ಕೆ ಹಳೇ ಪೇಪರ್ ಒಯ್ಯುತ್ತೇನೆ. ಒಂದು ಸಂಜೆ ಪೊಟ್ಟಣ ಕಟ್ಟಿಕೊಂಡು ಕಸದ ಡಬ್ಬಿ ಹುಡುಕುತ್ತಾ ಹೋಗುತ್ತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರು ಎದುರಾದರು. ಕಣ್ಣು ಪೊಟ್ಟಣದ ಮೇಲೆ. "ಏನ್ರೀ, ಬಿಸಿಬಿಸಿ ಬೋಂಡಾನಾ? ಶುಗರ್ ಅಂತೀರಿ, ಕದ್ದು ತಿಂತೀರಿ! ಕೊಡಿ ಇಲ್ಲಿ" ಎಂದು ಕೈ ಹಾಕಿಯೇಬಿಟ್ಟರು. ಪೊಟ್ಟಣ ಬಿಸಿಯಾಗಿತ್ತು ಅನ್ನುವುದು ನಿಜ. ನಾನು ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಒಂದು ಬೋಂಡಾ ಕೊಡದ ಜಿಪುಣ ಎಂದು ಪೆನ್ಶನರ್ಸ್ ಮೀಟಿಂಗಿನಲ್ಲಿ ಹೇಳಿಕೊಂಡು ತಿರುಗಿದರಂತೆ.

ಬೀದಿನಾಯಿಗಳದು ಬೇರೆಯೇ ರಾಜಕೀಯ. 2023ರಲ್ಲಿ ಬಿಬಿಎಂಪಿ ಎಣಿಸಿದಾಗ ಬೆಂಗಳೂರಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಲೆಕ್ಕಕ್ಕೆ ಸಿಕ್ಕವು. ಅದರಲ್ಲಿ ಅರ್ಧ ನಮ್ಮ ಕ್ರಾಸಿನಲ್ಲೇ ಇರಬೇಕು ಎಂದು ನನ್ನ ಗುಮಾನಿ. ಪ್ರತಿ ಕ್ರಾಸಿಗೂ ಒಂದು ಗ್ಯಾಂಗು, ಒಂದು ಗಡಿ. ಟ್ರಾನ್ಸ್‌ಫಾರ್ಮರ್ ದಾಟಿದರೆ ಪರದೇಶ. ಆಪರೇಷನ್ ಆಗಿದೆ ಎಂದು ಗುರುತಿಗೆ ಕಿವಿ ಕತ್ತರಿಸಿರುವ ಕಂದು ನಾಯಿಯೊಂದು ಅಲ್ಲಿಯ ಲೀಡರ್. ಇಷ್ಟು ದಿನವಾದರೂ ಅದು ನನ್ನ ಮೂರನ್ನು ಬಿಟ್ಟು ನನ್ನೊಬ್ಬನನ್ನೇ ನೋಡಿ ಬೊಗಳುತ್ತದೆ.

ಇಷ್ಟೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಮಹಾಲಯ ಅಮಾವಾಸ್ಯೆ ಬಂತು.

ಆ ದಿನ ಬೆಂಗಳೂರಿನಲ್ಲಿ ಕಾಗೆಗಳಿಗೆ ಭಾರಿ ಡಿಮ್ಯಾಂಡು. ಎಲ್ಲರ ಮನೆಯಲ್ಲೂ ಎಡೆ, ಎಲ್ಲರ ತಾರಸಿಯಿಂದಲೂ "ಕಾ ಕಾ" ಕೂಗು. ಅವು ತಾನೆ ಎಷ್ಟು ಕಡೆ ಹೋಗುತ್ತವೆ? ಹಿಂದಿನ ರಸ್ತೆಯ ಒಂದು ಮನೆಯವರು ಕಾಂಪೌಂಡ್ ಗೋಡೆಯ ಮೇಲೆ ಬಾಳೆ ಎಲೆ ಇಟ್ಟು, ಮನೆಮಂದಿಯೆಲ್ಲ ಕೈಮುಗಿದು ಆಕಾಶ ನೋಡುತ್ತಾ ನಿಂತಿದ್ದರು. ಎಲೆಯ ಮೇಲೆ ಅನ್ನ, ಎಳ್ಳು, ಪಾಯಸ, ದುಂಡಗೆ ಕೆಂಪಗೆ ಕರಿದ ಉದ್ದಿನ ವಡೆ. ಎಲ್ಲರ ಕಣ್ಣೂ ಮೇಲಿದ್ದರಿಂದ ಕೆಳಗಿನಿಂದ ಬಂದ ಬ್ರೂನೋನನ್ನು ಯಾರೂ ನೋಡಲಿಲ್ಲ. ಗೋಡೆಯ ಮೇಲೆ ಎರಡು ಮುಂಗಾಲು ಬಂದವು, ಒಂದು ಮುಖ ಬಂತು, ವಡೆ ಹೋಯಿತು. ನಾನು ಹಗ್ಗ ಎಳೆಯುವಷ್ಟರಲ್ಲಿ ಪಾಯಸವನ್ನೂ ನೆಕ್ಕಿ ಮುಗಿಸಿದ್ದ.

ಯಜಮಾನರು ಕೆಂಡವಾದರು. ಮಡಿಪಂಚೆ ಉಟ್ಟವರಿಗೆ ನಾಯಿಯ ಹತ್ತಿರ ಬರುವ ಹಾಗಿಲ್ಲ, ದೂರದಿಂದಲೇ ಬೈಯಬೇಕು. ನಾನು ಬಚಾವಾಗಿದ್ದು ಅದರಿಂದ. ಆಗ ಅವರ ವಯಸ್ಸಾದ ತಾಯಿ ಕನ್ನಡಕ ಸರಿಮಾಡಿಕೊಂಡು ಬ್ರೂನೋನನ್ನು ಚೆನ್ನಾಗಿ ನೋಡಿದರು. "ಬೈಬೇಡ ಕಣೋ. ನಿಮ್ಮಪ್ಪ ವಡೆ ತಿಂತಿದ್ದಿದ್ದೂ ಹೀಗೇ. ಅಗಿಯೋದು ಅಂತ ಇಲ್ಲ, ನುಂಗೋದೇ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ವಡೆಯೂ ಬಂತು.

ನನಗಿದ್ದ ಭಯವೇ ಬೇರೆ. ಈರುಳ್ಳಿ ಬೆಳ್ಳುಳ್ಳಿ ನಾಯಿಗಳಿಗೆ ವಿಷ, ರಕ್ತಕಣಗಳನ್ನೇ ಹಾಳುಮಾಡುತ್ತವೆ. ಆಮೇಲೆ ನೆನಪಾಯಿತು, ತಿಥಿಯ ಅಡುಗೆಗೆ ಅವೆರಡನ್ನೂ ಹಾಕುವುದೇ ಇಲ್ಲವಲ್ಲ! ಶಾಸ್ತ್ರ ಮಾಡಿದವರಿಗೆ ಲ್ಯಾಬ್ರಡಾರ್ ಗೊತ್ತಿರಲಿಲ್ಲ, ಆದರೂ ಕಾಪಾಡಿದರು. ಆವತ್ತಿನಿಂದ ಬ್ರೂನೋ ಆ ಮನೆ ಮುಂದೆ ಹೋದರೆ ಅಜ್ಜಿ ಕುರ್ಚಿಯಿಂದ ಎದ್ದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ.

ನಾಯಿಗಳ ಕಾಟ ತಡೆಯಬಹುದು. ನಾಯಿ ಮನೆಯವರದೇ ಕಷ್ಟ. ಪಗ್ ಮನೆಯಾಕೆ ವಾಟ್ಸಾಪಿನಲ್ಲಿ ವರದಿ ಕೇಳುತ್ತಾರೆ: ಎಷ್ಟು ಸಲ ಕಾಲೆತ್ತಿತು, ಬಣ್ಣ ಹೇಗಿತ್ತು. ಇನ್ನೊಬ್ಬರು, "ಹೇಗೂ ಹೋಗ್ತೀರಲ್ಲ, ಬರುವಾಗ ಅರ್ಧ ಲೀಟರ್ ನಂದಿನಿ" ಎನ್ನುತ್ತಾರೆ. ರಾಜನ ಮನೆಯವರು ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಮಾವನವರನ್ನೂ ಒಂದು ರೌಂಡ್ ಕರ್ಕೊಂಡು ಹೋಗ್ಬಿಡಿ ಅಂಕಲ್" ಎಂದು ಅವರನ್ನೂ ನನ್ನ ಪಕ್ಕ ನಿಲ್ಲಿಸಿದರು. ಮಾವನವರು ಕೆಇಬಿಯಲ್ಲಿದ್ದವರು. ಒಂದೊಂದು ಕಂಬಕ್ಕೂ ನಿಂತು ಅದನ್ನು ನೆಟ್ಟ ಕಥೆ ಹೇಳುತ್ತಾರೆ. ಕಂಬ ಕಂಡಲ್ಲಿ ನಿಲ್ಲುವುದು ನಾಯಿಗಳಿಗೂ ಒಪ್ಪಿಗೆಯೇ. ಹಾಗಾಗಿ ಅವರೆಲ್ಲ ಒಂದು ಪಾರ್ಟಿ ಆಗಿದ್ದಾರೆ.

"ರೀ, ಒಂದು ತೆಂಗಿನಕಾಯಿ ಸುಲಿದುಕೊಡಿ ಅಂದ್ರೆ ಸೊಂಟನೋವು. ಊರ ನಾಯಿ ಮೇಯಿಸೋಕೆ ಮಾತ್ರ ಎಲ್ಲಿಂದ ಬರುತ್ತೋ ಶಕ್ತಿ" ಎಂದು ನನ್ನ ಹೆಂಡತಿ ದಿನಾ ಮಂಗಳಾರತಿ ಎತ್ತುತ್ತಾಳೆ. ಶುಗರ್ ಇಳಿದಿದೆ, ಅದನ್ನು ಮಾತ್ರ ಹೇಳುವುದಿಲ್ಲ.

ನಮ್ಮ ಏರಿಯಾದಲ್ಲಿ ದುಡ್ಡಿಗೆ ನಾಯಿ ತಿರುಗಿಸುವ ಹುಡುಗನೂ ಒಬ್ಬನಿದ್ದಾನೆ. ಬೈಕಲ್ಲಿ ಬರುತ್ತಾನೆ. ಅವನಿಗೆ ಮನೆಯವರು ಕಾಫಿ ಕೊಡುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ಭಾನುವಾರ ರಜ ಕೊಡುತ್ತಾರೆ. ನನಗೆ ಸಿಗುವುದು, "ಇವತ್ತು ಸ್ವಲ್ಪ ಲೇಟಾಯ್ತಲ್ವಾ ಅಂಕಲ್?" ಮೊನ್ನೆ ಅವನು ಬೈಕ್ ಅಡ್ಡ ನಿಲ್ಲಿಸಿ, "ಸಾರ್, ನೀವು ಹಿಂಗೆ ಫ್ರೀಯಾಗಿ ಮಾಡಿದ್ರೆ ನಮ್ ಹೊಟ್ಟೆಪಾಡು ಏನಾಗ್ಬೇಕು?" ಎಂದ. ನ್ಯಾಯವಾದ ಮಾತೇ. ನಾನು ಉತ್ತರ ಹುಡುಕುತ್ತಿರುವಾಗ ಅವನೇ ದಾರಿಯನ್ನೂ ಹೇಳಿದ. "ನಮ್ ಕಡೆ ಸೇರ್ಕೊಂಡ್ಬಿಡಿ ಸಾರ್. ಕೆಲ್ಸ ಜಾಸ್ತಿ ಇದೆ. ಒಂದು ನಾಯಿಗೆ ಇಷ್ಟು ಅಂತ ಕೊಡ್ತೀನಿ."

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಗೆ ಮೊದಲ ಸಲ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತು. "ಭಾನುವಾರ ರಜ ಇದೆಯಾ ಕೇಳಿದ್ರಾ?"

ಫೋನ್ ಮಾಡಿ ಕೇಳಿದೆ.

"ರಜ ಇದೆ ಸಾರ್, ಅದಕ್ಕೇನು" ಎಂದ ಹುಡುಗ. "ಆದ್ರೆ ಮೊದಲನೇ ತಿಂಗಳು ಟ್ರಯಲ್ಲು. ಸಂಬಳ ಇರಲ್ಲ."