ತಾಲೀಮಿಗೆ ದುಡ್ಡು ಕೊಡುವವರು ಯಾರಾದರೂ ಇದ್ದೀರಾ?

ಇವತ್ತು ಜಿಲ್ಲಾ ಕೇಂದ್ರದಲ್ಲಿ ಒಂದು ಕಾರ್ಯಾಗಾರಕ್ಕೆ ಹೋಗಿದ್ದೆ. ಗ್ರಾಮೀಣ ಕಲಾ ತಂಡಗಳು ಅನುದಾನ ಪಡೆಯುವುದು ಹೇಗೆ ಎಂಬುದು ವಿಷಯ. ಊಟ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಎಲ್ಲವನ್ನೂ ಬೈದ ಎಂಬ ಮಾತು ಬೇಡ.

ಮಧ್ಯಾಹ್ನ ಹಿಂದಿನ ಸಾಲಿನಲ್ಲಿದ್ದ, ಹಳ್ಳಿಗಳಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರೊಬ್ಬರು ಎದ್ದು ನಿಂತರು. "ಸ್ವಾಮಿ, ನಾಟಕದ ದಿನದ ಖರ್ಚನ್ನು ಊರವರು ಹೇಗೋ ಹೊಂದಿಸುತ್ತಾರೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದಲ್ಲ, ಅದಕ್ಕೆ ಏನಾದರೂ ಸಿಗುತ್ತದೆಯೇ?" ಎಂದು ಕೇಳಿದರು. ವೇದಿಕೆಯ ಮೇಲಿದ್ದ ತಜ್ಞರು ನಕ್ಕರು. "ಯಜಮಾನರೇ, ಕಾರ್ಯಕ್ರಮ ಮಾಡಿ, ಫೋಟೊ ಹಾಕಿ ಅರ್ಜಿ ಕೊಡಿ. ತಾಲೀಮನ್ನೆಲ್ಲ ಯಾರಿಗೆ ತೋರಿಸುತ್ತೀರಿ?" ಎಂದರು. ಸಭೆಯೂ ನಕ್ಕಿತು. ಮೇಷ್ಟ್ರು ಕುಳಿತುಕೊಂಡರು. ನನಗೆ ಮಾತ್ರ ಈ ರಾತ್ರಿಯವರೆಗೂ ಸಮಾಧಾನವಿಲ್ಲ.

ತುಮಕೂರು, ಮಂಡ್ಯ, ಹಾಸನದ ಕಡೆಯ ಸ್ನೇಹಿತರಿಗೆ ಕುರುಕ್ಷೇತ್ರ ನಾಟಕವೆಂದರೇನು ಎಂದು ವಿವರಿಸಬೇಕಾಗಿಲ್ಲ. ಬೆಂಗಳೂರಿನ ಮಿತ್ರರಿಗೆ ಹೇಳುತ್ತೇನೆ: ಇದು ಹಳ್ಳಿಗಳಲ್ಲಿ ಆಡುವ ಮಹಾಭಾರತದ ನಾಟಕ, ಇಲ್ಲಿ ಊರಿನ ನಟನಿಗೆ ಯಾರೂ ಸಂಭಾವನೆ ಕೊಡುವುದಿಲ್ಲ, ನಟನೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ವಿದುರನಿಗೆ ಕಡಿಮೆ. ಆಸೆಪಟ್ಟವರು ಜಾಸ್ತಿಯಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಕೊಳ್ಳುತ್ತಾರೆ. ಆ ದುಡ್ಡಿನಲ್ಲಿಯೇ ಸೀನರಿ, ಡ್ರೆಸ್, ಮೈಕ್‌ಸೆಟ್, ಸ್ತ್ರೀಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ ಎಲ್ಲವೂ ಆಗಬೇಕು. ಉಳಿದದ್ದು ಮೇಷ್ಟ್ರಿಗೆ. ಉಳಿದರೆ.

ತಾಲೀಮು ಎಂದರೆ ಏನು ಗೊತ್ತೇ? ಸಂಜೆ ಡೇರಿಗೆ ಹಾಲು ಹಾಕಿ ಒಬ್ಬೊಬ್ಬರೇ ದೇವಸ್ಥಾನದ ಹಿಂದಿನ ಜಗಲಿಗೆ ಬರುತ್ತಾರೆ. ನಮ್ಮ ದುರ್ಯೋಧನ ಟ್ರ್ಯಾಕ್ಟರ್ ಓಡಿಸುವವನು, ಓದು ಬರಹ ಅಷ್ಟಕ್ಕಷ್ಟೇ. ಮೇಷ್ಟ್ರು ಕಂದಪದ್ಯದ ಒಂದೊಂದು ಪಾದವನ್ನೂ ಹಾಡಿ ತೋರಿಸಿ ಬಾಯಿಪಾಠ ಮಾಡಿಸಬೇಕು. ಕೊನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಅವನಿಗೆ ಉಸಿರು ಸಾಲುವುದಿಲ್ಲ. ಮೇಷ್ಟ್ರು ಹಾರ್ಮೋನಿಯಂನ ಅದೇ ಮನೆಯ (ಕೀಲಿಯ) ಮೇಲೆ ಬೆರಳು ಒತ್ತಿ ಹಿಡಿದು, ತಲೆ ಎತ್ತದೆ, "ಮೊದಲಿನಿಂದ" ಎನ್ನುತ್ತಾರೆ. ಹಾರ್ಮೋನಿಯಂನ ತಿದಿಗೆ ಹಾಕಿದ ತೇಪೆ ಬಿಟ್ಟುಕೊಂಡು ಸ್ವರದ ಜೊತೆಗೆ ಗಾಳಿಯೂ ಬುಸುಗುಡುತ್ತದೆ. ಅಷ್ಟರಲ್ಲಿ ತ್ರೀಫೇಸ್ ಕರೆಂಟ್ ಬಂತೆಂದು ಯಾರೋ ಕೂಗಿದರೆ ಭೀಮ ಎದ್ದು ಪಂಪ್‌ಸೆಟ್ ಹಾಕಲು ತೋಟಕ್ಕೆ ಓಡುತ್ತಾನೆ. ದ್ರೌಪದಿಯ ಶಪಥ ನಾಳೆಗೆ.

ಇದರ ಫೋಟೊ ತೆಗೆದರೆ ಏನು ಕಾಣುತ್ತದೆ? ಲುಂಗಿ ಉಟ್ಟ ಹತ್ತು ಜನ, ಒಂದು ಬಲ್ಬು. ಅನುದಾನಕ್ಕೆ ಲಾಯಕ್ಕಾದ ಚಿತ್ರವಲ್ಲ, ಒಪ್ಪಿದೆ.

ಯೋಜನೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಂಘ ಸಂಸ್ಥೆಗಳಿಗೆ ಧನಸಹಾಯ ಇದೆ, ಕಾರ್ಯಕ್ರಮಕ್ಕೆ ಪ್ರಾಯೋಜನೆ ಇದೆ, ವಾದ್ಯ ಮತ್ತು ವೇಷಭೂಷಣ ಕೊಳ್ಳುವುದಕ್ಕೂ ನೆರವಿದೆ, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಆ ಕೆಲಸಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳೂ ಸೇರಿವೆ. ಆದರೆ ಆ ಹಣ ಮುಟ್ಟಬೇಕಾದರೆ ನಿಮ್ಮ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ ಬೇಕು, 80ಜಿ ಬೇಕು, ಕಂಪನಿಗಳ ಈ ಹಣ ಪಡೆಯುವ ಸಂಸ್ಥೆಗಳು ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿ ಬೇಕು. ನಮ್ಮ ಒಂದನೇ ಕೃಷ್ಣನಿಗೆ ಪ್ಯಾನ್ ಕಾರ್ಡ್ ಮಾಡಿಸುವುದೇ ಒಂದು ಪರ್ವವಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಕಲಿಕೆಗೇ ಹಣ ಕೊಡುವ ಯೋಜನೆಯೂ ಒಂದಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ರೆಪರ್ಟರಿ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000 ರೂಪಾಯಿ, ಶಿಷ್ಯರಿಗೆ ವಯಸ್ಸಿಗೆ ತಕ್ಕಂತೆ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ವರ್ಷವಿಡೀ ನಡೆಯುವ ತಂಡಗಳಿಗೆ ಮಾಡಿದ್ದು. ರಾಗಿ ಕೊಯ್ಲು ಮುಗಿದ ಮೇಲೆ ಕೂಡಿಕೊಂಡು, ನಾಟಕವಾದ ಮರುದಿನ ಚದುರುವ ನಮ್ಮಂಥವರು ಅದರಲ್ಲಿ ಎಲ್ಲಿ ಬರುತ್ತೇವೆ? ಕಲೆಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಈ ವಿಷಯ ಗೊತ್ತಿಲ್ಲದವರು ಗುರುತು ಹಾಕಿಕೊಳ್ಳಿ. ಇಂದಿನ ಇಡೀ ದಿನದಲ್ಲಿ ಇದನ್ನು ಯಾರೂ ಹೇಳಲಿಲ್ಲ, ಲೆಟರ್‌ಹೆಡ್ ಹೇಗಿರಬೇಕು ಎನ್ನುವುದಕ್ಕೆ ಮಾತ್ರ ಅರ್ಧ ಗಂಟೆ ಕೊಟ್ಟರು.

ಊರಿನ ದಾನಿಗಳೂ ಅಷ್ಟೇ. ಶಾಮಿಯಾನ ಕೇಳಿ, ಕೊಡುತ್ತಾರೆ. ಊಟ ಕೇಳಿ, ಕೊಡುತ್ತಾರೆ. ಫ್ಲೆಕ್ಸಿನಲ್ಲಿ ಕೈ ಮುಗಿದ ಭಾವಚಿತ್ರ ಬರುತ್ತದೆಂದರೆ ಎರಡು ಸಾವಿರ ಜಾಸ್ತಿಯನ್ನೇ ಕೊಡುತ್ತಾರೆ. ತಾಲೀಮಿನ ಜಗಲಿಗೆ ಒಂದು ಟ್ಯೂಬ್‌ಲೈಟ್ ಕೇಳಿದರೆ, "ಹಬ್ಬ ಆಗಲಿ, ನೋಡೋಣ". ಸ್ವಾಮಿ, ಹಬ್ಬ ಆದ ಮೇಲೆ ತಾಲೀಮು ಯಾರಿಗೆ?

ಒಂದು ವಿಷಯ ಬಾಯಿಬಿಟ್ಟು ಹೇಳುತ್ತೇನೆ, ನನಗೆ ಕರಾವಳಿಯವರನ್ನು ಕಂಡರೆ ಹೊಟ್ಟೆಕಿಚ್ಚು. ಕಟೀಲು, ಮಂದಾರ್ತಿ ಯಕ್ಷಗಾನ ಮೇಳಗಳ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಹರಕೆಯವರು ಕೊಡುವುದು ಒಂದು ರಾತ್ರಿಯ ಆಟಕ್ಕೇ ಇರಬಹುದು, ಆದರೆ ಅಂಥ ರಾತ್ರಿಗಳು ಸಾಲುಸಾಲಾಗಿ ಇರುವುದರಿಂದ ಕಲಾವಿದನಿಗೆ ಊರೂರು ಸುತ್ತುವ ತಿರುಗಾಟ ಪೂರ್ತಿ ಕೆಲಸ. ವೇಷ ಕಟ್ಟುವ ಚೌಕಿಯಲ್ಲಿ ಕುಳಿತ ಹುಡುಗ ಹಿರಿಯರನ್ನು ನೋಡಿಯೇ ಕಲಿಯುತ್ತಾನೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ಹೊರಡಿಸಿದ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನು ಉಳಿಸಿದ್ದರಲ್ಲಿಯೂ ಆಯಾ ಊರಿನ ಸಂಘಟಕರ ಪಾಲು ದೊಡ್ಡದು. ನಮ್ಮಲ್ಲಿಯೂ ಜನ ಕೊಡುತ್ತಾರೆ, ಕೈ ಬಿಗಿ ಎನ್ನಲಾರೆ. ಆದರೆ ಆ ದುಡ್ಡೆಲ್ಲ ವರ್ಷಕ್ಕೊಂದು ರಾತ್ರಿಯ ಮೇಲೆ ಸುರಿದು ಹರಿದುಹೋಗುತ್ತದೆ, ಇಂಗುವುದಿಲ್ಲ.

ಈಗ ನೀವು ಹೇಳುವುದು ಗೊತ್ತು. ಸಾರ್ವಜನಿಕರ ಹಣ, ದಾಖಲೆ ಬೇಡವೇ, ಇಲ್ಲದಿದ್ದರೆ ಸುಳ್ಳು ಸಂಘಗಳು ನುಂಗಿಬಿಡುವುದಿಲ್ಲವೇ? ಬೇಕು ಮಾರಾಯರೇ, ಯಾರು ಬೇಡವೆಂದರು. ಆದರೆ ಇಷ್ಟು ವರ್ಷ ದಾಖಲೆ ಕೇಳಿದ್ದರಿಂದ ಲೆಟರ್‌ಹೆಡ್ ಸಂಘಗಳು ಕಡಿಮೆಯಾದವೇ? ಆಹ್ವಾನ ಪತ್ರಿಕೆ, ಶಾಲು ಹೊದಿಸುವ ಫೋಟೊ, ಪತ್ರಿಕೆಯ ತುಣುಕು, ಲೆಕ್ಕ ಪರಿಶೋಧಕರ ಮೊಹರು: ಇವಿಷ್ಟನ್ನು ಒಂದೇ ಮಧ್ಯಾಹ್ನದಲ್ಲಿ ಹುಟ್ಟಿಸುವವರನ್ನು ನಾನೂ ಬಲ್ಲೆ, ನೀವೂ ಬಲ್ಲಿರಿ. ಒಂದು ದಿನದ ಕಾರ್ಯಕ್ರಮವನ್ನು ಕಾಗದದ ಮೇಲೆ ಮಾಡಿ ಮುಗಿಸಬಹುದು. ಮೂರು ತಿಂಗಳ ತಾಲೀಮನ್ನು ಹಾಗೆ ಮಾಡಲಾಗುವುದಿಲ್ಲ, ಊರೆಲ್ಲಕ್ಕೂ ಕೇಳಿಸುತ್ತದೆ. ನಿದ್ದೆ ಕೆಟ್ಟ ಅಕ್ಕಪಕ್ಕದ ಮನೆಯವರನ್ನು ಕೇಳಿದರೆ ಸಾಕು, ಅದಕ್ಕಿಂತ ಗಟ್ಟಿ ಪ್ರಮಾಣಪತ್ರ ಯಾವ ಕಚೇರಿ ಕೊಡುತ್ತದೆ? ಪಂಚಾಯಿತಿಯ ಒಬ್ಬ ಸದಸ್ಯರು, ಶಾಲೆಯ ಒಬ್ಬ ಮೇಷ್ಟ್ರು ವಾರಕ್ಕೊಮ್ಮೆ ಬಂದು ಸಹಿ ಹಾಕಲಿ. ಮೊತ್ತ ಸಣ್ಣದಿರಲಿ, ತಿಂಗಳು ತಿಂಗಳು ಬರಲಿ. ಅಧ್ಯಕ್ಷರ ಭಾಷಣವಿಲ್ಲದ ಯೋಜನೆ ಆದ್ದರಿಂದ ಇದು ಜಾರಿಯಾಗುವ ನಂಬಿಕೆ ನನಗಿಲ್ಲ.

ಯೋಜನೆ ಬರುವಾಗ ಬರಲಿ. ನಮ್ಮ ಮೇಷ್ಟ್ರು ಮುಂದಿನ ವಾರ ತಾಲೀಮು ಶುರು ಮಾಡುತ್ತಾರೆ. ತಿದಿ ಹೊಸದಾಗಿ ಹಾಕಿಸಬೇಕು, ಎರಡು ರೀಡ್ ಬದಲಾಯಿಸಬೇಕು, ರಾತ್ರಿಯ ಚಹಾಕ್ಕೆ ಹಾಲು, ಸಕ್ಕರೆ ಬೇಕು. ಕೊಡಬೇಕೆನ್ನುವ ಸ್ನೇಹಿತರು ಇನ್‌ಬಾಕ್ಸಿಗೆ ಬನ್ನಿ, ರಿಪೇರಿಯವನ ಚೀಟಿಯನ್ನು ಕಳಿಸುತ್ತೇನೆ, ಲೆಕ್ಕ ಪೈಸೆ ಸಮೇತ ಕೊಡುತ್ತೇನೆ. ಫ್ಲೆಕ್ಸಿನಲ್ಲಿ ಹೆಸರು ಹಾಕುವುದಿಲ್ಲ. ಅದು ಬೇಕೆನ್ನುವವರು ನಾಟಕದ ದಿನದ ಶಾಮಿಯಾನ ಸಮಿತಿಯನ್ನು ಕಾಣಿ, ಅಲ್ಲಿ ಈಗಲೇ ಜನ ಜಾಸ್ತಿಯಾಗಿದ್ದಾರೆ.